ಏನೂ ಬೇಡ ಎನ್ನುವವರ ವಿಭಾಗ

ಡಿಸೆಂಬರ್ 2, ಸೋಮವಾರ

ಈ ಸಲ ಬಿಡುವುದಿಲ್ಲ.

ವರ್ಷಾಂತ್ಯದ ರಜೆಗೆ ಏನು ತರಲಿ ಎಂದು ಕೇಳಲು ಅಮ್ಮನಿಗೆ ಫೋನ್ ಮಾಡಿದೆ. "ನಮಗೇನಮ್ಮ ಬೇಕು ಈ ವಯಸ್ಸಲ್ಲಿ? ಏನೂ ಬೇಡ," ಎಂದಳು. ಹಿಂದಿನಿಂದ ಅಪ್ಪ, "ಬೇಡ ಅಂತ ಹೇಳು, ಬೇಡ ಅಂತ!" ಎಂದು ಕೂಗಿದರು. ನಾನೇನೋ ಬೇಡಿಕೆ ಇಟ್ಟು ಧರಣಿ ಕೂತಿದ್ದೇನೆ, ಅವರು ತಿರಸ್ಕರಿಸುತ್ತಿದ್ದಾರೆ ಎನ್ನುವ ಹಾಗೆ.

ನನಗೆ ಮರೆವು ಕಡಿಮೆ. ಮೊದಲ ಸಂಬಳದಲ್ಲಿ ಅಮ್ಮನಿಗೆ ತಂದ ಉಣ್ಣೆ ಶಾಲು ತಿಂಗಳೊಳಗೆ ಇಸ್ತ್ರಿ ಮಾಡುವವಳ ಹೆಗಲೇರಿತ್ತು. "ಅವಳಿಗೆ ಚಳಿ ಆಗ್ತಿತ್ತು ಕಣೇ, ನನಗೆ ಆಗ್ತಿರಲಿಲ್ಲ," ಎಂದು ಅಮ್ಮ ಸಮಜಾಯಿಷಿ ಕೊಟ್ಟಿದ್ದಳು. ಅಪ್ಪನಿಗೆ ಕೊಟ್ಟ ರೇಡಿಯೊ ಎದುರುಮನೆಯ ಅಡುಗೆಮನೆಯಲ್ಲಿ ಇಂದಿಗೂ ಹಾಡುತ್ತಿದೆ. ಒಳ್ಳೆಯ ಚರ್ಮದ ಬೂಟು ಪೆಟ್ಟಿಗೆಯಿಂದ ಆಚೆ ಬರಲೇ ಇಲ್ಲ. ಪೆಟ್ಟಿಗೆ ಮಾತ್ರ ಉಪಯೋಗಕ್ಕೆ ಬಂತು, ಅದರ ಮೇಲೆ ಹೂಕುಂಡ ಇಟ್ಟಿದ್ದಾರೆ. ಗೋಡೆ ಗಡಿಯಾರ, ಬಿಸಿನೀರಿನ ಚೀಲ, ಓದುವ ದೀಪ, ಎಲ್ಲವೂ ನೆನಪಿದೆ. ಯಾವುದು ಯಾರ ಪಾಲಾಯಿತು ಎಂಬುದೂ ನೆನಪಿದೆ.

ಏನೂ ಬೇಡ ಎನ್ನುವುದನ್ನು ಜನ ವಿನಯ ಎಂದುಕೊಳ್ಳುತ್ತಾರೆ. ವಿನಯವಲ್ಲ ಅದು, ದರ್ಪ. ಕೊಡಲು ಬಂದವರ ಕೈಯನ್ನು ಗಾಳಿಯಲ್ಲೇ ನಿಲ್ಲಿಸಿ ತಾವು ಮೇಲೆ ಕೂರುವ ಉಪಾಯ. ಇದರ ಬಗ್ಗೆ ಪತ್ರಿಕೆಗೆ ಒಂದು ಪತ್ರ ಬರೆಯಬಹುದು. ಆದರೆ ಅಪ್ಪ ಓದುತ್ತಾರೆ.

ಡಿಸೆಂಬರ್ 5, ಗುರುವಾರ

ಕೆಲಸ ಮುಗಿಸಿ ದೊಡ್ಡ ಅಂಗಡಿಗೆ ಹೋದೆ. ಒಳಗೆ ಕಾಲಿಡಲು ಜಾಗವಿರಲಿಲ್ಲ. ಮಾರಾಟದ ಹುಡುಗಿ ಎದುರಾದಳು.

"ಯಾರಿಗೆ ಮೇಡಂ?"

"ಅಪ್ಪ ಅಮ್ಮನಿಗೆ."

"ಅವರಿಗೆ ಏನಿಷ್ಟ?"

"ಏನೂ ಬೇಡ ಅಂತಾರೆ."

"ಓ, ಏನೂ ಬೇಡ ಅನ್ನೋರಾ? ಅವರದು ಎರಡನೇ ಮಹಡಿ. ಹತ್ತಿದ ತಕ್ಷಣ ಬಲಗಡೆ."

ತಮಾಷೆ ಎಂದುಕೊಂಡೆ. ಹತ್ತಿ ನೋಡಿದರೆ ನಿಜವಾಗಿಯೂ ಹಾಗೊಂದು ವಿಭಾಗ! ದೀಪವಿರುವ ಭೂತಗನ್ನಡಿ, ಕಾಲು ಒತ್ತುವ ಯಂತ್ರ, ಬಗ್ಗದೆ ಸಾಮಾನು ಎತ್ತುವ ಇಕ್ಕಳ. ಸುತ್ತ ನಿಂತವರೆಲ್ಲ ನನ್ನ ವಯಸ್ಸಿನವರು, ಎಲ್ಲರ ಮುಖದಲ್ಲೂ ಪರೀಕ್ಷೆಗೆ ಓದದೆ ಬಂದವರ ಕಳೆ. ಕಾಲು ಒತ್ತುವ ಯಂತ್ರ ಹಿಡಿದಿದ್ದ ಒಬ್ಬಾತ ನನ್ನ ಕಡೆ ತಿರುಗಿ, "ಇದನ್ನ ತಗೊಂಡು ಹೋದ್ರೆ ಬೈತಾರಾ?" ಎಂದು ಕೇಳಿದ.

"ಬೈಯಲ್ಲ. ಯಾರಿಗಾದ್ರೂ ಕೊಟ್ಟುಬಿಡ್ತಾರೆ."

"ನಿಮ್ಮಲ್ಲೂ ಹಾಗೇನಾ?" ಆತನ ಮುಖ ಅರಳಿತು. ಸಮಾನ ದುಃಖಿಗಳು ಸಿಕ್ಕರೆ ಎಷ್ಟು ನೆಮ್ಮದಿ.

ನಾನು ಯಂತ್ರಗಳ ಗೊಡವೆಗೆ ಹೋಗಲಿಲ್ಲ. ಅಪ್ಪನ ಕುರ್ಚಿಯ ಕಾಲು ಮುರಿದು, ಹಗ್ಗದಲ್ಲಿ ಬಿಗಿದಿದ್ದಾರೆ. ಅದಕ್ಕೇ ಕಂದು ಬಣ್ಣದ, ಕೈಯಿರುವ, ದಪ್ಪ ಮೆತ್ತೆಯ ದೊಡ್ಡ ಕುರ್ಚಿ ಕೊಂಡೆ. ಬೀರುವಿನಲ್ಲಿ ಬಚ್ಚಿಡಲಾಗದು. ಬಗಲಲ್ಲಿಟ್ಟುಕೊಂಡು ಎದುರುಮನೆಗೆ ಒಯ್ಯಲಾಗದು. ನಾಲ್ವರು ಹಿಡಿದರೂ ಏದುಸಿರು ಬರಬೇಕು. ರಜೆಯವರೆಗೆ ಕಾಯುವುದೇಕೆ? ನಾಳೆಯೇ ತಲುಪಿಸಿ ಎಂದು ಹೇಳಿ ಬಂದೆ.

ಡಿಸೆಂಬರ್ 8, ಭಾನುವಾರ

ಅಪ್ಪ ಅಮ್ಮನ ಮನೆ ಮೂರನೇ ಮಹಡಿಯಲ್ಲಿದೆ. ನಾನು ಅಲ್ಲಿಯವರೆಗೆ ಹತ್ತಬೇಕಾಗಿಯೇ ಇರಲಿಲ್ಲ. ಗೇಟಿನ ಪಕ್ಕದ ಗೂಡಿನಂಥ ಕೋಣೆಯಲ್ಲಿ ಕಾವಲುಗಾರ ಕಂದು ಬಣ್ಣದ, ಕೈಯಿರುವ, ದಪ್ಪ ಮೆತ್ತೆಯ ಕುರ್ಚಿಯಲ್ಲಿ ಮಹಾರಾಜನಂತೆ ಒರಗಿದ್ದ.

"ನಿಮ್ಮ ತಂದೆಯವರದು ದೊಡ್ಡ ಮನಸ್ಸು ಅಕ್ಕಾ," ಎಂದ. ಎದ್ದು ನಿಲ್ಲಲು ನೋಡಿದ, ಮೆತ್ತೆ ಬಿಡಲಿಲ್ಲ.

ಮೇಲೆ ಹೋಗಿ ಜಗಳ ತೆಗೆದೆ. ಅಪ್ಪ ಹಗ್ಗ ಬಿಗಿದ ಕುರ್ಚಿಯಲ್ಲೇ ಕೂತು ಪೇಪರ್ ಓದುತ್ತಿದ್ದರು.

"ಅದು ನಿಮಗೆ ಅಂತ ತಂದಿದ್ದು!"

"ನನಗೆ ಅಂತ ತಂದ ಮೇಲೆ ನನ್ನದು ತಾನೇ ವಕೀಲರೇ?" ನಾನು ಚಿಕ್ಕಂದಿನಿಂದ ವಾದ ಮಾಡುವವಳೆಂದು ಅವರು ಇಟ್ಟ ಹೆಸರು ಅದು. "ನನ್ನದನ್ನ ನಾನು ಯಾರಿಗಾದ್ರೂ ಕೊಡ್ತೀನಿ. ಪಾಪ, ಅವನು ದಿನವಿಡೀ ಸ್ಟೂಲ್ ಮೇಲೆ ಕೂತಿರ್ತಾನೆ."

"ಅಷ್ಟು ಭಾರದ್ದನ್ನ ಕೆಳಗೆ ಹೇಗೆ ಇಳಿಸಿದ್ರಿ?"

ಅಪ್ಪನ ಕಣ್ಣು ಮಿನುಗಿತು. "ಸೆಟ್ ಇಳಿಸೋ ಹಾಗೆ. ಹಲಗೆ ಹಾಕಿ, ಹಗ್ಗ ಬಿಟ್ಟು. ಒಂದು ಗೀರೂ ಬಿದ್ದಿಲ್ಲ, ಬೇಕಾದ್ರೆ ನೋಡ್ಕೊಂಡು ಬಾ."

ಇವರ ಸ್ವಭಾವಕ್ಕೆ ಇವರ ಕೆಲಸವೇ ಕಾರಣ. ಅಪ್ಪ ನಾಟಕ ಮಂದಿರದ ಬಡಗಿಯಾಗಿದ್ದರು. ಹಲಗೆ, ಬಟ್ಟೆಗಳಲ್ಲಿ ಅರಮನೆ, ಜೈಲು ಕಟ್ಟಿ, ಆಟ ಮುಗಿದ ಮೇಲೆ ಬಿಚ್ಚುತ್ತಿದ್ದರು. ಅಮ್ಮ ಅಲ್ಲೇ ಪ್ರಾಂಪ್ಟರ್. ಮಾತು ಮರೆತ ನಟರಿಗೆ ಪರದೆಯ ಮರೆಯಿಂದ ಮಾತು ಎತ್ತಿಕೊಡುವವಳು. ನಾನೂ ಅಣ್ಣನೂ ಶಾಲೆಯ ಪಾಠ ಬರೆದದ್ದು ಆ ಮರದ ಪುಡಿಯ ನಡುವೆಯೇ. ಇಬ್ಬರೂ ಬಾಳೆಲ್ಲ ರಂಗದ ಪಕ್ಕದ ಕತ್ತಲಲ್ಲಿ ನಿಂತು ಬೆಳಕನ್ನು ಬೇರೆಯವರಿಗೆ ಬಿಟ್ಟುಕೊಟ್ಟವರು. ಕೊಟ್ಟು ಅಭ್ಯಾಸ. ತೆಗೆದುಕೊಂಡು ಅಭ್ಯಾಸವಿಲ್ಲ.

ಕಾರಣ ಗೊತ್ತಾಯಿತೆಂದು ಕೋಪ ಇಳಿಯಬೇಕೆಂದೇನೂ ಇಲ್ಲ.

ಡಿಸೆಂಬರ್ 11, ಬುಧವಾರ

ನನ್ನ ಪತ್ರ ಇಂದಿನ ಪತ್ರಿಕೆಯಲ್ಲಿ ಬಂದಿದೆ. ಒಂದು ಸಾಲೂ ಕತ್ತರಿಸಿಲ್ಲ.

ನಾನು ಕೆಲಸ ಮಾಡುವ ಗ್ರಂಥಾಲಯದ ಓದುವ ಕೋಣೆಗೆ ಹೊಸ ಅಧಿಕಾರಿ ಕ್ಯಾಮೆರಾ ಹಾಕಿಸಿದ್ದಾರೆ. ಪುಸ್ತಕ ಕದಿಯುತ್ತಾರಂತೆ. ಜನ ಪುಸ್ತಕ ಕದಿಯುವ ಕಾಲ ಮತ್ತೆ ಬಂದರೆ ಸಿಹಿ ಹಂಚಬೇಕು! ನಾನು ಬರೆದೆ: "ಯಾರದೋ ಕಣ್ಣಿನ ಕೆಳಗೆ ಕೂತವನು ಓದುವುದಿಲ್ಲ, ಓದುವವನಂತೆ ಕಾಣಿಸಿಕೊಳ್ಳುತ್ತಾನೆ." ಅಧಿಕಾರಿ ಇಡೀ ದಿನ ನನ್ನ ಮೇಜಿನ ಕಡೆ ಸುಳಿಯಲಿಲ್ಲ.

ಸಂಜೆ ಅಣ್ಣ ಬಂದಿದ್ದ. ಅವನು ವಿಮಾ ಕಂಪನಿಯಲ್ಲಿ ಅಪಾಯ ಅಳೆಯುವವನು. ಯಾವ ಕಟ್ಟಡಕ್ಕೆ ಬೆಂಕಿ ಬಿದ್ದೀತು, ಯಾವ ಗೋಡೆ ಕುಸಿದೀತು ಎಂದು ಯೋಚಿಸುವುದೇ ಅವನ ಉದ್ಯೋಗ. ಕಳೆದ ತಿಂಗಳು ಅಪ್ಪ ಒಲೆಯ ಮೇಲೆ ಹಾಲಿಟ್ಟು ಮರೆತು ಪಾತ್ರೆ ಕರಕಲಾದಾಗಿನಿಂದ ಅವನ ನಿದ್ದೆ ಹಾರಿದೆ.

"ನೋಡು, ಎರಡೇ ದಾರಿ," ಎಂದ. "ಅವರ ಹಾಲ್‌ನಲ್ಲಿ ಒಂದು ಕ್ಯಾಮೆರಾ ಹಾಕಿಸೋಣ. ಹೇಗಿದ್ದಾರೆ ಅಂತ ಫೋನಲ್ಲೇ ಗೊತ್ತಾಗುತ್ತೆ, ಇಲ್ಲಿಂದಲೇ ಮಾತೂ ಆಡಬಹುದು. ಅದಕ್ಕೆ ಒಪ್ಪದಿದ್ರೆ ಆ ಮನೆ ಖಾಲಿ ಮಾಡಿಸಿ ಇಬ್ಬರನ್ನೂ ನಮ್ಮನೆಗೆ ಕರ್ಕೊಂಡು ಬರ್ತೀನಿ. ನಿಮ್ಮ ಅತ್ತಿಗೆ ಹಿಂದಿನ ಕೋಣೆ ರೆಡಿ ಮಾಡಿದ್ದಾಳೆ."

"ಅವರು ಆ ಮನೆ ಬಿಟ್ಟು ಬರೋದುಂಟಾ?"

"ಅದಕ್ಕೇ ಕ್ಯಾಮೆರಾ. ರಜೆಯ ಉಡುಗೊರೆ ಅಂತ ನಾವಿಬ್ಬರೂ ಸೇರಿ ಕೊಡೋಣ. ಏನೂ ಬೇಡ ಅನ್ನೋರಿಗೆ ಏನು ಬೇಕು ಅಂತ ನಾವೇ ತೀರ್ಮಾನ ಮಾಡ್ಬೇಕಾಗುತ್ತೆ."

ಕಾವಲುಗಾರನ ಕೋಣೆ ಕಣ್ಣ ಮುಂದೆ ಬಂತು. "ಹೂಂ, ಹಾಕ್ಸು. ಕಾವಲುಗಾರನಿಗೆ ಕೊಡೋಕಾಗದ ಹಾಗೆ ಗೋಡೆಗೇ ಮೊಳೆ ಹೊಡೆದು ಹಾಕ್ಸು," ಎಂದೆ.

ಗ್ರಂಥಾಲಯದ್ದು ಬೇರೆ, ಇದು ಬೇರೆ. ಅಲ್ಲಿ ಅಧಿಕಾರ ನೋಡುತ್ತದೆ, ಇಲ್ಲಿ ಮಕ್ಕಳು ನೋಡುತ್ತಾರೆ.

ಡಿಸೆಂಬರ್ 14, ಶನಿವಾರ

ಕ್ಯಾಮೆರಾ ಬಂತು. ಹಾಲ್‌ನ ಮೇಲ್ಮೂಲೆಯಲ್ಲಿ, ಬಿಳಿ ಮೊಟ್ಟೆಯ ಹಾಗಿದೆ. ಅಮ್ಮ ಕೆಳಗೆ ನಿಂತು ನೋಡಿದಳು.

"ಇದು ಉಡುಗೊರೆನಾ?"

"ಹೂಂ ಅಮ್ಮ. ನಾವಿಬ್ಬರೂ ಸೇರಿ ಕೊಟ್ಟಿದ್ದು," ಎಂದ ಅಣ್ಣ.

"ನಮಗೇನೂ ಬೇಡ ಅಂದಿದ್ದೆನಲ್ಲ."

"ಇದು ಬೇಡ ಅಂದ್ರೆ ನಮ್ಮನೆಗೆ ಬನ್ನಿ. ಮೂರನೇ ದಾರಿ ಇಲ್ಲ."

ಅಮ್ಮ ಅಪ್ಪನ ಮುಖ ನೋಡಿದಳು. ಅಪ್ಪ ಆಗಲೇ ಹಾಲ್‌ನ ನಡುವೆ ನಿಂತು, ಒಂದು ಕಣ್ಣು ಮುಚ್ಚಿ, ಆ ಮೊಟ್ಟೆಯನ್ನೇ ದಿಟ್ಟಿಸುತ್ತಿದ್ದರು. ಬಲಕ್ಕೆ ಒಂದು ಹೆಜ್ಜೆ ಇಟ್ಟರು, ಎಡಕ್ಕೆ ಇಟ್ಟರು, ಹಿಂದೆ ಸರಿದರು. ಜೋಡಿಸಲು ಬಂದವನನ್ನು, "ಇದಕ್ಕೆ ಎಲ್ಲಿಂದ ಎಲ್ಲೀವರೆಗೆ ಕಾಣುತ್ತಪ್ಪಾ?" ಎಂದು ವಿಚಾರಿಸಿದರು. ಆತ ಖುಷಿಯಿಂದ ಕೈ ಚಾಚಿ ತೋರಿಸಿದ. ಅಡುಗೆಮನೆಗೆ ಹೋಗುವ ಕಿರಿದಾದ ಓಣಿಯಂಥ ದಾರಿ ಕಾಣುವುದಿಲ್ಲ ಎಂದೂ ಹೇಳಿದ.

ಅಪ್ಪನಿಗೆ ಕುತೂಹಲ ಹುಟ್ಟಿದೆ. ಕೊನೆಗೂ ಒಂದು ಉಡುಗೊರೆ ಅವರಿಗೆ ಹಿಡಿಸಿತು.

ಡಿಸೆಂಬರ್ 17, ಮಂಗಳವಾರ

ಗೆದ್ದೆವು. ರಾತ್ರಿ ಎಂಟಕ್ಕೆ ಫೋನ್ ತೆರೆದರೆ ಹಾಲ್‌ನಲ್ಲಿ ಅಪ್ಪ ನೆಟ್ಟಗೆ ಕೂತಿದ್ದಾರೆ, ಅಮ್ಮ ಪಕ್ಕದಲ್ಲಿ ಪುಸ್ತಕ ಹಿಡಿದಿದ್ದಾಳೆ. ಮೇಲಿನಿಂದ ಅಣ್ಣನ ದನಿ: "ಅಪ್ಪಾ, ಮಾತ್ರೆ ತಗೊಂಡ್ರಾ?" ಅಪ್ಪ ಮಾತ್ರೆಯನ್ನು ಎತ್ತಿ ತೋರಿಸಿ, ಬಾಯಿಗೆ ಹಾಕಿಕೊಂಡು, ಲೋಟ ಎತ್ತಿ ಕುಡಿದರು. ಎಂಟೂವರೆಗೆ ಇಬ್ಬರೂ ಎದ್ದು ಒಳಗೆ ಹೋದರು. ಏನು ಶಿಸ್ತು!

ಅಮ್ಮ ಅಣ್ಣನ ದನಿಗೆ ಅಶರೀರವಾಣಿ ಎಂದು ಹೆಸರಿಟ್ಟಿದ್ದಾಳಂತೆ.

ಗ್ರಂಥಾಲಯದಲ್ಲಿ ಅಧಿಕಾರಿ, "ಕ್ಯಾಮೆರಾದಿಂದ ಯಾರಿಗೇನು ತೊಂದರೆ ಮೇಡಂ, ಎಲ್ಲರೂ ಎಷ್ಟು ಶಿಸ್ತಾಗಿ ಕೂತಿದ್ದಾರೆ ನೋಡಿ," ಎಂದರು. ಇಂಥ ಮಾತಿಗೆ ಏನೆನ್ನುವುದು? ಇನ್ನೊಂದು ಪತ್ರ ಬರೆಯುತ್ತೇನೆ.

ಡಿಸೆಂಬರ್ 21, ಶನಿವಾರ

ಮಧ್ಯಾಹ್ನ ಅಂಗಡಿಯಲ್ಲಿ ಒಳ್ಳೆಯ ರಗ್ಗು ಕಂಡಿತು. ಕ್ಯಾಮೆರಾ ಇಬ್ಬರ ಲೆಕ್ಕದ್ದು. ನನ್ನದೇ ಎಂದು ಒಂದಾದರೂ ಬೇಡವೇ? ನೀಲಿಯೋ ಕಂದೋ ಎಂದು ಕೇಳಲು ಸಂಜೆ ಫೋನ್ ತೆರೆದೆ. ಹಾಲ್ ಖಾಲಿ. ಎಂಟರ ಹೊತ್ತು ಬಿಟ್ಟರೆ ಅದು ಯಾವಾಗಲೂ ಖಾಲಿಯೇ ಇರುತ್ತದೆ. ದನಿಯ ಗುಂಡಿ ಒತ್ತಿ ಕರೆದೆ. "ಅಮ್ಮಾ! ಎಲ್ಲಿದ್ದೀಯಾ?" ಉತ್ತರವಿಲ್ಲ. ಇನ್ನೂ ಜೋರಾಗಿ ಕರೆದೆ. ಒಳಗೆಲ್ಲೋ ದಡಕ್ಕೆಂದ ಸದ್ದಾಯಿತು, ಪಾತ್ರೆ ಬಿದ್ದಿರಬೇಕು.

ಎಷ್ಟೋ ಹೊತ್ತಿನ ಮೇಲೆ ಅಮ್ಮ ಗೋಡೆ ಹಿಡಿದುಕೊಂಡು ಬಂದು ಕುರ್ಚಿಯ ಅಂಚಿನಲ್ಲಿ ಕೂತಳು.

"ಏನಮ್ಮಾ?"

"ರಜೆಗೆ ರಗ್ಗು ತರ್ತಿದ್ದೀನಿ. ನೀಲಿದೋ, ಕಂದೋ?"

"ಏನೂ ಬೇಡ ಕಣೇ," ಎಂದಳು. ಮುಖ ಕಿವುಚಿಕೊಂಡಿತ್ತು.

ಒಂದು ರಗ್ಗಿನ ಮಾತಿಗೆ ಅಷ್ಟು ಸಿಡಿಮಿಡಿಯೇ! ನಾನೂ ಬಿರುಸಾಗಿಯೇ ಫೋನ್ ಮುಚ್ಚಿದೆ. ಎರಡೂ ಬಣ್ಣದ್ದು ಕೊಂಡಿದ್ದೇನೆ.

ಡಿಸೆಂಬರ್ 24, ಮಂಗಳವಾರ

ಏನೋ ಸರಿಯಿಲ್ಲ.

ಎಂಟಕ್ಕೆ ಸ್ವಲ್ಪ ಮುಂಚೆ ಚಿತ್ರ ಕಪ್ಪಾಗುತ್ತದೆ. ಬೆಳಕು ಬಂದಾಗ ಅಮ್ಮ ಆಗಲೇ ಕುರ್ಚಿಯಲ್ಲಿರುತ್ತಾಳೆ. ಎಂಟೂವರೆಗೆ ಮತ್ತೆ ಕಪ್ಪು, ಆಮೇಲೆ ಹಾಲ್ ಖಾಲಿ. ನಿನ್ನೆಯೂ ಹೀಗೇ ಆಯಿತು. ಅಣ್ಣನನ್ನು ಕೇಳಿದರೆ ನೆಟ್‌ವರ್ಕ್ ಎಂದ.

ಅದಿರಲಿ, ಇಂದು ಅಪ್ಪನ ಲೋಟ ನೋಡಿದೆ. ನೀರು ತುಂಬಿದ ಲೋಟವನ್ನು ಎತ್ತುವಾಗ ಮಣಿಕಟ್ಟು ಒಂದಿಷ್ಟು ಬಗ್ಗುತ್ತದೆ. ಅಪ್ಪನದು ಬಗ್ಗಲಿಲ್ಲ. ಗಂಟಲು ಆಡಿತು, ತುಟಿ ಒರೆಸಿಕೊಂಡದ್ದೂ ಆಯಿತು. ಆದರೆ ಪರದೆಯ ಪಕ್ಕದಲ್ಲಿ ಕೂತು ಬೆಳೆದವಳು ನಾನು. ರಾಜರು ವಿಷ ಕುಡಿಯುವುದನ್ನು ಹತ್ತಿರದಿಂದ ನೋಡಿದ್ದೇನೆ. ಅದು ಖಾಲಿ ಲೋಟ.

ಡಿಸೆಂಬರ್ 26, ಗುರುವಾರ

ಹೇಳದೆ ಹೋದೆ. ಬಾಗಿಲು ತೆಗೆದು ಒಳಗೆ ಕಾಲಿಟ್ಟರೆ ಹಾಲ್‌ನ ನೆಲದ ಮೇಲೆ ಉದ್ದಕ್ಕೆ, ಓರೆಯಾಗಿ, ಸೀಮೆಸುಣ್ಣದಲ್ಲಿ ಎಳೆದ ಗೆರೆ. ಗೆರೆಯ ಆಚೆ ಒಂದು ಕುರ್ಚಿ, ಒಂದು ಸ್ಟೂಲು, ಒಂದು ಪುಸ್ತಕ. ಈಚೆ ಗೋಡೆಗಂಟಿ ಓಣಿಯವರೆಗೆ ಇಡೀ ಸಂಸಾರ. ಮಂಚ ಓಣಿಗೆ ಬಂದಿದೆ. ಅಪ್ಪನ ಹಗ್ಗದ ಕುರ್ಚಿ ಅಡುಗೆಮನೆಯಲ್ಲಿದೆ. ಅಮ್ಮ ಅಲ್ಲೇ ಬಿಸಿನೀರಿನ ಬಕೆಟ್ಟಿನಲ್ಲಿ ಕಾಲಿಟ್ಟು ಕೂತಿದ್ದಾಳೆ. ಪಾದ ಬನ್ನಿನ ಹಾಗೆ ಊದಿದೆ, ಹಿಮ್ಮಡಿಯ ಮೇಲೆ ನೀಲಿ. ಅಪ್ಪ ಉದ್ದನೆ ಕೋಲಿಗೆ ಟವೆಲ್ ಸಿಕ್ಕಿಸುತ್ತಿದ್ದವರು ನನ್ನನ್ನು ನೋಡಿ ಕೋಲನ್ನು ಬೆನ್ನ ಹಿಂದೆ ಬಚ್ಚಿಟ್ಟರು. ತಲೆಗಿಂತ ಎತ್ತರದ ಕೋಲು!

"ಇದೇನಿದು?"

"ಪರದೆ," ಎಂದರು ಅಪ್ಪ. "ಇವಳನ್ನ ಕುರ್ಚಿಗೆ ಕೂರಿಸೋವರೆಗೆ ಅದರ ಕಣ್ಣು ಮುಚ್ಚಬೇಕಲ್ಲ."

"ಗೆರೆ?"

"ಈಚೆ ಇದ್ರೆ ಅದಕ್ಕೆ ಕಾಣಲ್ಲ. ರಂಗದ ಪಕ್ಕದ ಮರೆ, ಸೈಡ್ ವಿಂಗ್ ಅಂದ್ಕೋ."

"ಮಾತ್ರೆ ತಗೊಳ್ತಿಲ್ವಾ ನೀವು?"

"ತಗೊಳ್ದೆ ಏನು? ಊಟ ಆದ್ಮೇಲೆ ತಗೊಳ್ಳಿ ಅಂತ ಡಾಕ್ಟರ್ ಹೇಳಿದ್ದಾರೆ. ನಾವು ಊಟ ಮಾಡೋದು ಒಂಬತ್ತಕ್ಕೆ. ನಿಮ್ಮಣ್ಣನಿಗೆ ಎಂಟಕ್ಕೇ ನೋಡ್ಬೇಕು. ಅದಕ್ಕೆ ಎಂಟಕ್ಕೊಂದು ಆಟ, ಒಂಬತ್ತಕ್ಕೆ ಮಾತ್ರೆ."

ನಗು ಬರಬೇಕಿತ್ತು. ಆದರೆ ಕಣ್ಣೆಲ್ಲ ಅಮ್ಮನ ಕಾಲಿನ ಮೇಲೆಯೇ ಇತ್ತು.

"ಇದು ಯಾವಾಗ ಆಯ್ತು?"

"ಏನೂ ಆಗಿಲ್ಲ. ಕೆಳಮನೆ ನರ್ಸ್ ಬಂದು ನೋಡಿದ್ಲು, ಮೂಳೆ ಗಟ್ಟಿಯಾಗಿದೆ ಅಂದ್ಲು."

"ಯಾವಾಗಮ್ಮಾ?"

"ಮೊನ್ನೆ ಶನಿವಾರ, ಸಂಜೆ. ಮೇಲಿಂದ ಕರೆದ ಹಾಗಾಯ್ತು. ಗಡಿಬಿಡಿಯಲ್ಲಿ ಎದ್ದೆ, ನೆಲ ಒದ್ದೆ ಇತ್ತು."

ಕರೆದವರು ಯಾರೆಂದು ಅಮ್ಮ ಹೇಳಲಿಲ್ಲ. ನಾನು ಕೇಳಲಿಲ್ಲ.

"ಅಣ್ಣನಿಗೆ ಹೇಳಿದ್ರಾ?"

"ಹೇಳಿದ್ರೆ ನಾಳೆನೇ ಸಾಮಾನು ಸಾಗಿಸೋ ಗಾಡಿ ತರ್ತಾನೆ. ಆ ಹಿಂದಿನ ಕೋಣೆಯಲ್ಲಿ ವಾಷಿಂಗ್ ಮಷೀನ್ ಪಕ್ಕ ನಮ್ಮ ಮಂಚ."

"ನನಗಾದ್ರೂ ಹೇಳಬಹುದಿತ್ತು."

ಅಮ್ಮ ಅಪ್ಪನ ಕಡೆ ನೋಡಿದಳು. ಅಪ್ಪ ಟವೆಲ್ ಕಡೆ ನೋಡಿದರು. "ನೀನು ಅವನ ಕಡೆಯವಳಲ್ವಾ?" ಎಂದಳು ಅಮ್ಮ. ಆರೋಪದ ದನಿಯಲ್ಲಲ್ಲ, ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳುವ ದನಿಯಲ್ಲಿ.

ನಾನು ಯಾರ ಕಡೆಯವಳೂ ಅಲ್ಲ. ನ್ಯಾಯದ ಕಡೆಯವಳು. ಹಾಗೆಂದು ಹೇಳಲೂ ಹೊರಟೆ, ಅಷ್ಟರಲ್ಲಿ ಎಂಟಾಗುತ್ತ ಬಂದಿತ್ತು. ಅಪ್ಪ ಕೋಲೆತ್ತಿ ಕ್ಯಾಮೆರಾಗೆ ಟವೆಲ್ ಮುಚ್ಚಿದರು. "ವಕೀಲರೇ, ಸುಮ್ನೆ ನಿಲ್ಬೇಡಿ, ಆ ಕಡೆ ಭುಜ ಕೊಡಿ." ಅಮ್ಮನ ತೋಳನ್ನು ನನ್ನ ಹೆಗಲಿಗೆ ಹಾಕಿಕೊಂಡೆ. ಎಷ್ಟು ಹಗುರಾಗಿದ್ದಾಳೆ! ಕೂರಿಸಿ, ಕಾಲಿನ ಮೇಲೆ ಬಟ್ಟೆ ಎಳೆದು, ಗೆರೆಯ ಈಚೆ ಓಡಿ ಬಂದೆ. ಪರದೆ ಸರಿಯಿತು.

"ಅಪ್ಪಾ, ಮಾತ್ರೆ ತಗೊಂಡ್ರಾ?" ಸೂರಿನಿಂದ ಅಣ್ಣನ ದನಿ. ನಾನು ಬೆಚ್ಚಿಬಿದ್ದೆ. ಫೋನಿನೊಳಗಿಂದ ಕೇಳಿದಾಗ ಅದು ಇಷ್ಟು ದೊಡ್ಡದಿರಲಿಲ್ಲ.

ಅಪ್ಪ ಒಂದು ಕ್ಷಣ ತಡವರಿಸಿದರು. ಅಮ್ಮ ಪುಸ್ತಕದಿಂದ ಕಣ್ಣೆತ್ತದೆ, ತುಟಿ ಅಲುಗಿಸದೆ, ಮಾತು ಎತ್ತಿಕೊಟ್ಟಳು. "ತಗೊಂಡೆ ಮಗನೇ," ಎಂದರು ಅಪ್ಪ.

ಅವರದೇ ಮನೆಯಲ್ಲಿ ಅವರಿಗೆ ಉಳಿದಿರುವುದು ಒಂದು ಓಣಿ. ಆ ಕ್ಯಾಮೆರಾ ಕಂಪನಿಯವರ ಮೇಲೆ, ಅಣ್ಣನ ಮೇಲೆ, ಅಪಾಯ ಅಳೆಯುವ ಸಮಸ್ತ ಕುಲದ ಮೇಲೆ ಮೈ ಉರಿಯುತ್ತಿದೆ.

ಡಿಸೆಂಬರ್ 27, ಶುಕ್ರವಾರ

ಎರಡೂ ರಗ್ಗು ವಾಪಸ್ ಕೊಟ್ಟೆ. ಮಾರಾಟದ ಹುಡುಗಿ, "ಅವರಿಗೆ ಇಷ್ಟ ಆಗಲಿಲ್ವಾ ಮೇಡಂ?" ಎಂದಳು. ಕೊಟ್ಟೇ ಇಲ್ಲ ಎಂದೆ. ಬದಲಿಗೆ ಬೇರೇನು ಬೇಕು ಎಂದು ಕೇಳಿದಳು. ನನ್ನ ಬಾಯಿಂದ ಏನು ಹೊರಟಿತೋ, ಅವಳು ನಕ್ಕು ಎರಡನೇ ಮಹಡಿಯ ಕಡೆ ಕೈ ತೋರಿಸಿದಳು.

ಡಿಸೆಂಬರ್ 29, ಭಾನುವಾರ

ರಜೆಯ ಊಟಕ್ಕೆ ಎಲ್ಲರೂ ಅಲ್ಲೇ ಸೇರಿದ್ದೆವು. ನಾವು ಬರುವ ಮೊದಲೇ ಅಪ್ಪ ಗೆರೆ ಒರೆಸಿದ್ದರು, ಮಂಚ ಕೋಣೆಗೆ ಹೋಗಿತ್ತು. ಅಮ್ಮ ಕುರ್ಚಿಯಲ್ಲೇ ಕೂತು, "ಇವತ್ತು ನೀವೇ ಬಡಿಸ್ಕೊಳ್ಳಿ, ನಾನು ಅತಿಥಿ," ಎಂದಳು. ಅತ್ತಿಗೆಗೆ ಅನುಮಾನವೂ ಬರಲಿಲ್ಲ.

ಊಟವಾದ ಮೇಲೆ ಅಣ್ಣ ಫೋನ್ ತೆಗೆದು ಅತ್ತಿಗೆಯ ತಮ್ಮನಿಗೆ ಹಳೆಯ ದೃಶ್ಯಗಳನ್ನು ತೋರಿಸತೊಡಗಿದ. "ನೋಡು, ದಿನಾ ಎಂಟಕ್ಕೆ ಸರಿಯಾಗಿ ಮಾತ್ರೆ. ಅಮ್ಮ ಓದ್ತಾ ಕೂತಿರ್ತಾಳೆ. ಈ ವರ್ಷ ಕೊಟ್ಟಂಥ ಉಡುಗೊರೆ ಯಾವ ವರ್ಷವೂ ಕೊಟ್ಟಿರಲಿಲ್ಲ. ಅಡುಗೆಮನೆಗೂ ಒಂದು ಹಾಕ್ಸೋಣ ಅಂತಿದ್ದೀನಿ. ಓಣಿಗೂ."

ಅಮ್ಮನ ಕೈ ಕುರ್ಚಿಯ ಅಂಚನ್ನು ಹಿಡಿದುಕೊಂಡಿತು. ನಾನು ಎದ್ದು ಹೋಗಿ ಅಪ್ಪನ ಉಪಕರಣದ ಡಬ್ಬಿಯಿಂದ ಸ್ಕ್ರೂಡ್ರೈವರ್ ತಂದೆ, ಊಟದ ಕುರ್ಚಿ ಎಳೆದು ಹತ್ತಿದೆ.

"ಏಯ್, ಏನ್ ಮಾಡ್ತಿದ್ದೀಯೇ?"

"ಉಡುಗೊರೆ ಕೊಡ್ತಿದ್ದೀನಿ."

"ಇಳಿ ಕೆಳಗೆ! ನೀನೇ ತಾನೇ ಮೊಳೆ ಹೊಡೆದು ಹಾಕ್ಸು ಅಂದಿದ್ದು?"

ಅಣ್ಣನಿಗೆ ಮೊದಲಿನಿಂದಲೂ ಜ್ಞಾಪಕಶಕ್ತಿ ಕಡಿಮೆ. ನಾನು ಆರಂಭದಿಂದಲೇ ವಿರೋಧಿಸಿದ್ದೆ, ಪತ್ರಿಕೆಯಲ್ಲೇ ಅಚ್ಚಾಗಿದೆ. ಹಾಗೆಂದೆ. ಮೊದಲ ತಿರುಪು ಸುಲಭವಾಗಿ ಬಂತು, ಎರಡನೆಯದು ಹಟ ಮಾಡಿತು.

"ಎಡಕ್ಕೆ, ಎಡಕ್ಕೆ," ಎಂದರು ಅಪ್ಪ ಕೆಳಗಿನಿಂದ.

ಬಿಳಿ ಮೊಟ್ಟೆ ಕೈಗೆ ಬಂತು. ಅಣ್ಣನ ಮುಖ ಕೆಂಪಾಗಿತ್ತು. "ಸರಿ ಹಾಗಾದ್ರೆ. ನಾಳೆ ಗಾಡಿ ಕಳಿಸ್ತೀನಿ. ಇಬ್ಬರೂ ನಮ್ಮನೆಗೆ ಬನ್ನಿ. ಯಾರಾದ್ರೂ ಬಿದ್ದು ಗಿದ್ದು ಆದ್ರೆ..."

ಅಮ್ಮ ಕಾಲಿನ ಮೇಲಿನ ಬಟ್ಟೆ ಸರಿಸಿ, ಪಟ್ಟಿ ಕಟ್ಟಿದ ಪಾದವನ್ನು ಎತ್ತಿ ಸ್ಟೂಲಿನ ಮೇಲಿಟ್ಟಳು. ಎಲ್ಲರಿಗೂ ಕಾಣುವ ಹಾಗೆ.

"ಬಿದ್ದೂ ಆಯ್ತು. ನಿನ್ನ ಕಣ್ಣು ಅಲ್ಲಿ ತೆರೆದಿರೋವಾಗಲೇ ಬಿದ್ದಿದ್ದು. ಅದು ನೋಡಿಲ್ಲ. ಎತ್ತಿದ್ದು ಇವರು. ಕಟ್ಟು ಹಾಕಿದ್ದು ಕೆಳಮನೆ ಹುಡುಗಿ. ಈಗ ವಾಸಿನೂ ಆಗ್ತಿದೆ. ಇನ್ನೇನು ಹೇಳಿ ಹೆದರಿಸ್ತೀಯಪ್ಪಾ ನನ್ನ?"

ಅಪ್ಪ ಹೇಳಿದರು: "ನಿಮ್ಮನೆಗೆ ಬರ್ತೀವಪ್ಪಾ. ಊಟಕ್ಕೆ. ಊಟ ಆದ್ಮೇಲೆ ವಾಪಸ್ ಬರ್ತೀವಿ."

ಅಣ್ಣ ಆ ಪಾದವನ್ನೇ ನೋಡುತ್ತ ಕುಸಿದು ಕೂತ. ದನಿ ಇಳಿದಿತ್ತು. "ನನಗೆ ನಿದ್ದೆ ಬರಲ್ಲಮ್ಮಾ. ಕಣ್ಣು ಮುಚ್ಚಿದ್ರೆ ಹೊಗೆ ಕಾಣುತ್ತೆ."

"ಬಾರದಿದ್ರೆ ಫೋನ್ ಮಾಡು," ಎಂದಳು ಅಮ್ಮ. "ನಮಗೂ ಬರಲ್ಲ. ಮಾತಾಡೋಣ. ಮೇಲಿಂದ ಮಾತ್ರ ಕರೀಬೇಡ."

ಅಣ್ಣ ಹೊರಡುವಾಗ ನನ್ನೊಬ್ಬಳಿಗೇ ಕೇಳುವಂತೆ, "ಇನ್ನು ಜವಾಬ್ದಾರಿ ನಿನ್ನದು," ಎಂದ. ನನ್ನದೇ ಎಂದೆ. ಕ್ಯಾಮೆರಾವನ್ನು ಅವನ ಚೀಲಕ್ಕೆ ಹಾಕಿದೆ.

ಜನವರಿ 6, ಸೋಮವಾರ

ದಿನವೂ ಕೆಲಸ ಮುಗಿಸಿ ನೇರ ಅಲ್ಲಿಗೇ ಹೋಗುತ್ತಿದ್ದೇನೆ. ಒಲೆ ಆರಿಸಿದ್ದಾರೆಯೇ, ನೆಲ ಒಣಗಿದೆಯೇ, ಮಾತ್ರೆ ಡಬ್ಬಿ ಖಾಲಿಯಾಗಿದೆಯೇ, ಎಲ್ಲ ನೋಡಿಯೇ ಕೂರುವುದು. ಜವಾಬ್ದಾರಿ ಎಂದರೆ ಜವಾಬ್ದಾರಿ.

ಇಂದು ಒಲೆಯ ಗುಂಡಿ ಮುಟ್ಟಿ ನೋಡುತ್ತಿದ್ದಾಗ ಅಮ್ಮ ಹಿಂದಿನಿಂದ, "ಅದಕ್ಕೆ ಕಾಲಿರಲಿಲ್ಲ. ಗೋಡೆ ಮೇಲೆ ತನ್ನ ಪಾಡಿಗೆ ತಾನಿತ್ತು. ನಿನಗೆ ಕಾಲೂ ಇದೆ," ಎಂದಳು.

"ಏನು ಹಾಗಂದ್ರೆ?"

"ಏನಿಲ್ಲ. ದಿನಾ ಬರಬೇಡ ಅಂದೆ. ಬೇಕು ಅನ್ನಿಸಿದಾಗ ಬಾ."

ಅಪ್ಪ ಪೇಪರಿನ ಹಿಂದೆ ಮುಖ ಮುಚ್ಚಿಕೊಂಡಿದ್ದರು. ಪೇಪರ್ ಅಲುಗುತ್ತಿತ್ತು.

ಹೋಗುವುದಿಲ್ಲ. ಈ ವಾರ ಪೂರ್ತಿ ಹೋಗುವುದಿಲ್ಲ. ನೋಡೋಣ, ಅದು ಹೇಗೆ ಇರುತ್ತಾರೋ.

ಜನವರಿ 12, ಭಾನುವಾರ

ಹೋದೆ. ಮೂರನೇ ಮಹಡಿ ಹತ್ತುವಾಗ ಮುಂದೆ ಒಬ್ಬ ಹೆಂಗಸು ಎರಡು ದೊಡ್ಡ ಪೊಟ್ಟಣ ಹೊತ್ತು ಏದುಸಿರು ಬಿಡುತ್ತಿದ್ದಳು. ನನ್ನ ಕೈ ಖಾಲಿಯಿತ್ತು. ಹತ್ತುವುದು ಇಷ್ಟು ಸಲೀಸೆಂದು ಗೊತ್ತಿರಲಿಲ್ಲ.

ಆ ಮನೆಯ ಕೀಲಿ ನನ್ನ ಬಳಿ ಇದೆ. ಗಂಟೆ ಒತ್ತಿ ಕಾದವಳೇ ಅಲ್ಲ ನಾನು. ಇಂದು ಒತ್ತಿದೆ.

ಒಳಗಿನಿಂದ ಅಮ್ಮನ ದನಿ: "ಯಾರು?"

"ನಾನಮ್ಮಾ."

"ಬಂದೆ ಇರು."

ಕುರ್ಚಿ ಸರಿದ ಸದ್ದು. ಊರುಗೋಲಿನ ಸದ್ದು, ಒಂದು ಹೆಜ್ಜೆ, ತಡೆ, ಇನ್ನೊಂದು ಹೆಜ್ಜೆ. ನಡುವೆ ಎಲ್ಲೋ ನಿಂತಳು. ಅಪ್ಪ, "ನಾನು ತೆಗೀಲಾ?" ಎಂದರು. ಅಮ್ಮ, "ನನ್ನನ್ನ ಕರೆದಿರೋದು," ಎಂದಳು. ಮತ್ತೆ ಒಂದು ಹೆಜ್ಜೆ. ನನ್ನ ಬೆರಳು ಚೀಲದೊಳಗೆ ಕೀಲಿಯ ಮೇಲಿತ್ತು. ಕೈಯನ್ನು ಹೊರಗೆ ತೆಗೆದು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡೆ. ಎದುರುಮನೆಯಾಕೆ ಬಾಗಿಲು ತೆರೆದು, "ಕೀಲಿ ಮರೆತು ಬಂದ್ರಾ?" ಎಂದು ಕೇಳಿದಳು.

ಇಲ್ಲ ಎಂದೆ. ಕಾಯುತ್ತ ನಿಂತೆ.